ಭಾನುವಾರದ ಟೀಚರಮ್ಮ

ಪರದೇಶದ ಊರೊಂದರಲ್ಲಿ, ಲಾಂಡ್ರಿಯ ಮೇಲಿನ ಬಾಡಿಗೆ ಕೋಣೆಯಲ್ಲಿ ಭಾನುವಾರ ಬೆಳಿಗ್ಗೆ ಕನ್ನಡ ಶಾಲೆ ನಡೆಸುವ ಟೀಚರಮ್ಮನಿಗೆ, ಮೆಟ್ಟಿಲು ಹತ್ತಿದ ಮೇಲೆ ಬೇರೆ ಯಾವ ಭಾಷೆಯೂ ಕಿವಿಗೆ ಬೀಳುವುದಿಲ್ಲ. ಮಕ್ಕಳು ಆ ಊರಿನ ಭಾಷೆಯಲ್ಲಿ ಬೆಂಕಿ ಬಿತ್ತೆಂದು ಕೂಗಿದರೂ "ಏನಂದೆ ಕಂದಾ? ಕೇಳಿಸ್ಲೇ ಇಲ್ಲ" ಎಂದು ಬೋರ್ಡು ಒರೆಸುತ್ತಾರೆ, ಮಕ್ಕಳನ್ನು ಬಿಡಲು ಬಂದ ಅಪ್ಪಂದಿರು ಬಾಗಿಲಲ್ಲೇ "ನಮಸ್ಕಾರ" ಎಂದು ತಡವರಿಸಿ ಪರಾರಿಯಾಗುತ್ತಾರೆ. ಹೋಂವರ್ಕ್ ಒಂದೇ: ಹಿರಿಯರ ಒಂದು ಮಾತನ್ನು ಅವರ ದನಿಯಲ್ಲೇ ತರಬೇಕು. "ಅಕ್ಷರ ಎಲ್ಲಿಗೂ ಓಡಿಹೋಗಲ್ಲ, ದನಿ ಹೋದ್ರೆ ಹೋಯ್ತು" ಎನ್ನುವುದು ಅವರ ವರಸೆ. ಹಾಗಾಗಿ ಅಲ್ಲಿ ಮುಂದಿನ ಹಲ್ಲು ಬಿದ್ದ ಆರು ವರ್ಷದವನು ಅಜ್ಜನಂತೆ ಕೆಮ್ಮಿ "ನನ್ನ ಕನ್ನಡಕ ಎಲ್ಲೇ ಇಟ್ಟೆ?" ಎಂದು ಗದರುತ್ತಾನೆ, ಹೋದ ವರ್ಷ ತೀರಿಕೊಂಡ ಅಜ್ಜಿಯೊಬ್ಬಳು ಮೊಮ್ಮಗಳ ಗಂಟಲಿನಿಂದ "ಉಂಡ್ಯಾ ಪುಟ್ಟಿ?" ಎಂದು ಕೇಳಿದಾಗ ಉಳಿದವರ ಮೈ ಜುಮ್ಮೆನ್ನುತ್ತದೆ. ಟೀಚರಮ್ಮ ಮಾತ್ರ, ಬಂದವರಿಗೆಲ್ಲ ಹಾಜರಿ ಹಾಕುವಂತೆ, ತಲೆಯಾಡಿಸುತ್ತಾರೆ. ಮೊನ್ನೆ ಒಬ್ಬ ಪುಟ್ಟ ಹುಡುಗಿ ಎದ್ದುನಿಂತು, "ಬಾಗಿಲು ಹಾಕ್ಕೋ ಮಗಳೇ, ಹೀಗೆ ಹೋಗಿ ಹಾಗೆ ಬಂದ್ಬಿಡ್ತೀನಿ" ಎಂದಳು. ಟೀಚರಮ್ಮನ ಕೈಯಿಂದ ಚಾಕ್ ಜಾರಿತು. ಅದು ಅವರ ಅಮ್ಮನ ದನಿ. ಆಸ್ಪತ್ರೆಗೆ ಹೊರಟ ಅಮ್ಮ ಹೊಸ್ತಿಲಲ್ಲಿ ನಿಂತು ಆಡಿದ ಕೊನೆಯ ಮಾತು, ತಾವು ಯಾರಿಗೂ ಹೇಳಿರದ ಮಾತು. "ಇದು ಯಾರ ಮಾತೇ?" ಎಂದರು. "ನಿಮ್ದೇ ಟೀಚರ್. ಪ್ರತಿ ವಾರ ಬೀಗ ಹಾಕುವಾಗ ಖಾಲಿ ರೂಮಿಗೆ ಹೇಳ್ತೀರಲ್ಲ?" ಅವತ್ತು ಮಕ್ಕಳೆಲ್ಲ ಹೋದ ಮೇಲೆ ಹೊಸ್ತಿಲಲ್ಲಿ ಬೀಗ ಹಿಡಿದು, ಈ ಸಲ ಹೇಳಬಾರದೆಂದು ತುಟಿ ಬಿಗಿದು ನಿಂತರು. ಮಾತು ಬಂದೇ ಬಂತು, ಅಮ್ಮನದೇ ದನಿಯಲ್ಲಿ. "ಹೂಂ ಅಮ್ಮಾ" ಎಂದು ಟೀಚರಮ್ಮ ಒಳಗೆ ಸರಿದು ಬಾಗಿಲು ಹಾಕಿಕೊಂಡರು.