ಮೈದುನ ದಾಕು ಹಾಕಿಸಿಕೊಳ್ಳಲಿಲ್ಲ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಮದುವೆಯಾಗಿ ಶನಿವಾರಸಂತೆ ಹತ್ತಿರದ ಹಳ್ಳಿಗೆ ಬಂದಿದ್ದೆ. ಮಗಳಿಗೆ ಆಗಷ್ಟೇ ಹಲ್ಲು ಮೂಡುತ್ತಿತ್ತು. ಆ ಬೇಸಿಗೆಯಲ್ಲಿ ಪಕ್ಕದ ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಸಿಡುಬು ಕಾಣಿಸಿತು. ಆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಅಮ್ಮ ಬಂದವಳೆ' ಎಂದು ಪಿಸುಗುಟ್ಟಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಸಿಡುಬು ಬಾರದಂತೆ ದಾಕು ಹಾಕುವವರು ಒಂದು ದಿನ ನಮ್ಮ ಜಗಲಿಗೆ ಬಂದು ಕೂತರು. ಮೈದುನ ಅಂಗಳದಲ್ಲೇ ನಿಂತ.

"ಇಲ್ಲದ ಕಾಯಿಲೆನ ತಂದು ಮೈಗೆ ಯಾಕ್ರೀ ಬಿಡ್ತೀರಾ?"

ದಾಕಿನವರು ಬಾಗಿಲಲ್ಲಿದ್ದ ಅತ್ತೆಯ ಮುಖದ ಕಲೆಗಳತ್ತ ನೋಡಿದರು. "ನಿಮ್ಮವ್ವಂಗೆ ಚಿಕ್ಕಂದಿನಲ್ಲಿ ಬಂದಿತ್ತಲ್ಲ, ಮತ್ತೆ ಬಂತೇನಪ್ಪ? ಒಂದ್ಸಲ ಕಾದಾಡಿದ್ದನ್ನ ಮೈ ಮರೆಯಲ್ಲ. ಇದು ಅದೇ ಜಾತಿದು, ಆದ್ರೆ ಸಾಧು. ಇದರ ಜೊತೆ ಹೊಡೆದಾಡಿ ಕಲ್ತ ಮೈ ದೊಡ್ಡದನ್ನೂ ತಡೀತದೆ. ಕಲಿಯಾಕೆ ಒಂದಷ್ಟು ದಿನ ಬೇಕು. ಕಾಯಿಲೆ ಮೈಗೆ ಹತ್ತಿದ ಮೇಲೆ ಕರೆದ್ರೆ ಹೊತ್ತು ಮೀರಿರ್ತದೆ."

"ನಂಗೆ ಬ್ಯಾಡ" ಎಂದು ಅವನು ಗದ್ದೆಯತ್ತ ಹೊರಟುಹೋದ.

ಅತ್ತೆ ಮಗುವಿನ ತೋಳು ಹಿಡಿದುಕೊಂಡರು. ದಾಕಿನವರು ರಸ ಹಚ್ಚಿ ಸೂಜಿಯಿಂದ ಗೀರಿದರು. ಆಮೇಲೆ ಗಂಡನಿಗೆ, ನನಗೆ. ವಾರದೊಳಗೆ ಗೀರಿದ ಜಾಗ ಬೊಬ್ಬೆಯೆದ್ದು ಕೀವು ತುಂಬಿತು. ಮಗುವಿನ ಮೈ ಕೆಂಡವಾಯಿತು.

"ನೋಡಿದ್ರಾ ಅತ್ತಿಗೆ? ನೀವೇ ಮನೆಗೆ ಕರ್ಕೊಂಡ್ ಬಂದ್ರಿ" ಎಂದ ಮೈದುನ.

ಅವನ ಮಾತೇ ನಿಜವಾದರೆ ಎಂಬ ಭಯ ನನ್ನನ್ನೂ ಹಿಡಿದಿತ್ತು. ಆದರೆ ಜ್ವರ ಇಳಿಯಿತು, ಬೊಬ್ಬೆ ಒಣಗಿ ಹಕ್ಕಳೆಗಟ್ಟಿತು.

ಅಷ್ಟರಲ್ಲಿ ಒಂದು ಸಂಜೆ, ಲೈನಿನ ಕೂಲಿಯವರ ಜೊತೆ ಗದ್ದೆಯಲ್ಲಿ ದುಡಿಯುತ್ತಿದ್ದ ಮೈದುನ ಸೊಂಟ ಹಿಡಿದುಕೊಂಡು ಮನೆಗೆ ಬಂದು ಮಲಗಿದ. ಜ್ವರ ಸುಡುತ್ತಿತ್ತು. ಆಮೇಲೆ ಹಣೆಯ ಮೇಲೆ ಗುಳ್ಳೆಗಳು ಎದ್ದವು.

ಅತ್ತೆ ಅವನನ್ನು ಒಳಕೋಣೆಗೆ ಸೇರಿಸಿ ತಾವೂ ಅಲ್ಲೇ ಉಳಿದರು. "ನೀನು ಬರಬ್ಯಾಡ ಕಣವ್ವ, ಕೂಸು ಅದೆ. ನಂಗೇನೂ ಆಗಲ್ಲ."

ವಾರ ಕಳೆದ ಮೇಲೆ ಒಂದು ದಿನ ಗಂಜಿ ಇಡಲು ಬಾಗಿಲ ಬಳಿ ಹೋದಾಗ ಒಳಗಿನಿಂದ ಅವನ ದನಿ ಕೇಳಿತು. ಗಂಟಲಲ್ಲೂ ಗುಳ್ಳೆ ಎದ್ದಿರಬೇಕು, ಮಾತು ಕಷ್ಟಪಟ್ಟು ಹೊರಬರುತ್ತಿತ್ತು.

"ಅತ್ತಿಗೆ, ಪಾಪು ಹೆಂಗದೆ?"

"ಆಡ್ಕೊಂಡದೆ ಕಣಪ್ಪ."

ಮರುದಿನ ಅವನು ತೀರಿಕೊಂಡ.

ಊರಿನವರು ನಮ್ಮ ಬೇಲಿ ದಾಟಲಿಲ್ಲ. ಗಂಡನ ಜೊತೆ ಹೆಗಲು ಕೊಟ್ಟವರು ಮುಖದ ಮೇಲೆ ಹಳೆಯ ಕಲೆಗಳಿದ್ದ ಮುದುಕರು ಮಾತ್ರ. ಅಂದಿನಿಂದ ದಿನಾ ಬೆಳಿಗ್ಗೆ ಮಗಳ ಬಟ್ಟೆ ಬಿಚ್ಚಿ ಮೈಯೆಲ್ಲ ಹುಡುಕುತ್ತಿದ್ದೆ. ಒಂದು ಗುಳ್ಳೆಯೂ ಏಳಲಿಲ್ಲ.

ದಾಕಿನವರು ಮತ್ತೆ ಬಂದ ದಿನ ನೆರೆಮನೆಯವರು ಮಕ್ಕಳನ್ನು ಅಟ್ಟದಲ್ಲಿ ಅಡಗಿಸಿದ್ದರು. ಅತ್ತೆ ಯಾರನ್ನೂ ಕೇಳದೆ ಅವರ ಮನೆಯೊಳಗೆ ಹೋಗಿ, ಮಕ್ಕಳನ್ನು ಕೈಹಿಡಿದು ಇಳಿಸಿಕೊಂಡು ಬಂದು ದಾಕಿನವರ ಮುಂದೆ ಕೂರಿಸಿದರು.