ಎಡಕ್ಕೊಂದು ಅಳತೆ, ಬಲಕ್ಕೊಂದು

ಟೇಲರ್ ಕಾಕಾರ ಬಲಗಾಲು ಮಷಿನ್ ಮೇಲೆ ಇಲ್ಲದಾಗಲೂ ತುಳಿಯುತ್ತಲೇ ಇರುತ್ತಿತ್ತು. ಚಹಾ ಕುಡಿಯುವಾಗ, ಗಿರಾಕಿಯ ಜೊತೆ ಮಾತಾಡುವಾಗ, ಸುಮ್ಮನೆ ಕೂತಾಗ ಕೂಡ ಹಿಮ್ಮಡಿ ಏಳುತ್ತ ಬೀಳುತ್ತ. ನಾನೂ ಒಂದು ಕಡೆ ಕೂಡುವವಳಲ್ಲ, ಹಾಗಾಗಿ ಆ ಕಾಲು ಕಂಡರೆ ನನಗೊಂದು ನೆಂಟಸ್ತಿಕೆ.

ಗೋಪನಕೊಪ್ಪದ ನಮ್ಮ ಓಣಿಯ ತುದಿಗೆ ಅವರ ಅಂಗಡಿ, ಹಿಂದೆಯೇ ಮನೆ, ನಡುವೆ ಒಂದು ಪರದೆ. ನಮ್ಮವ್ವ ಅವರನ್ನು ಸಿಂಪಿಗರು ಎನ್ನುತ್ತಿದ್ದಳು, ಎದುರಿನ ಗ್ಯಾರೇಜಿನವರು ದರ್ಜಿ ಎನ್ನುತ್ತಿದ್ದರು, ಅಂಗಡಿಯ ಫಲಕದಲ್ಲಿ ಲೇಡೀಸ್ ಟೇಲರ್ ಎಂದಿತ್ತು. "ಏನರ ಅನ್ರಿ. ಹೊಲಿದದ್ದು ಮೈಮ್ಯಾಲೆ ಛಲೋ ಕುಂದರಲಿಲ್ಲ ಅಂದ್ರ ಮೂರೂ ಹೆಸರು ಸುಳ್ಳು" ಎಂದು ನಗುತ್ತಿದ್ದರು.

ಹೆಂಗಸರ ಮೈಗೆ ಅವರು ಎಂದೂ ಟೇಪು ಹಿಡಿದವರಲ್ಲ. ಸರಿಯಾಗಿ ಹೊಂದುವ ಹಳೆಯ ರವಿಕೆ, ನಮ್ಮ ಕಡೆಯ ಮಾತಿನಲ್ಲಿ ಜಂಪರ್, ಒಂದನ್ನು ಅಳತೆಗೆ ಕೊಡಬೇಕು, ಅದನ್ನು ಹಾಸಿ ಹೊಸದನ್ನು ಕತ್ತರಿಸುವರು. ಹದಿನೈದು ವರ್ಷ ನಾನು ಕೊಟ್ಟದ್ದು ಒಂದೇ ಬೂದು ಜಂಪರ್. ವಿದ್ಯಾನಗರದ ಶಾಲೆಯಲ್ಲಿ ಕಲಿಸುವವಳು, ತಪ್ಪು ಹುಡುಕುವುದೇ ನನ್ನ ಕಸುಬು. ತೋಳು ಹೀಗಿರಲಿ, ಕೊರಳು ಹಾಗಿರಲಿ ಎಂದು ತಕರಾರು ತೆಗೆದರೆ, "ಬೈಯೂದೆಲ್ಲ ಈಗ ಬೈದ್ಬಿಡ್ರಿ ಅಕ್ಕೋರ. ಕತ್ತರಿ ಹಾಕಿದ ಮ್ಯಾಲೆ ಬೈದ್ರ ಅರಿವಿ ಕೂಡೂದಿಲ್ಲ" ಎನ್ನುವರು.

ಎರಡು ವರ್ಷದ ಹಿಂದೆ ನನ್ನ ಎಡಗಡೆಯ ಸ್ತನದಲ್ಲಿ ಗಡ್ಡೆ ಕಾಣಿಸಿ, ಆಪರೇಷನ್ ಮಾಡಿ ಸ್ತನವನ್ನೇ ತೆಗೆದರು. ಔಷಧವೆಲ್ಲ ಮುಗಿದು ಶಾಲೆಗೆ ಮರಳುವ ದಿನ ಬಂತು. ಇದ್ದ ಜಂಪರುಗಳೆಲ್ಲ ಎಡಕ್ಕೆ ಜೋತು ಬೀಳುತ್ತಿದ್ದವು. ಕರಿಹಲಗೆಯ ಮೇಲೆ ಬರೆಯಲು ಕೈ ಎತ್ತಿದರೆ ಸೆರಗು ಸರಿಯುತ್ತದೆ, ತರಗತಿಯೆಲ್ಲ ನೋಡುತ್ತದೆ. ಎರಡು ಸಲ ರಜೆ ಮುಂದೂಡಿದೆ. ಕೆಲಸ ಬಿಡುವ ಅರ್ಜಿಯನ್ನೂ ಬರೆದಿಟ್ಟೆ. ದಿನವಿಡೀ ಪಡಸಾಲೆಯಿಂದ ಅಡುಗೆಮನೆ, ಅಡುಗೆಮನೆಯಿಂದ ಪಡಸಾಲೆ. ಕಡೆಗೊಂದು ದಿನ ಹೊಸ ಬಟ್ಟೆಯ ಜೊತೆ ಅದೇ ಬೂದು ಜಂಪರನ್ನು ಕಾಕಾರಿಗೆ ಕೊಟ್ಟು ಬಂದೆ. ಹಳೆಯ ಅಳತೆ ಕೊಟ್ಟರೆ ಹಳೆಯ ಮೈ ಬರುತ್ತದೆಂಬ ಹುಚ್ಚು ಇದ್ದೀತು.

ವಾರ ಬಿಟ್ಟು ಹೋದರೆ ಬಟ್ಟೆ ಕೊಟ್ಟ ಹಾಗೇ ಇತ್ತು.

"ಈ ಅಳತಿ ಇನ್ನ ನಡಿಯಂಗಿಲ್ರಿ, ಅಕ್ಕೋರ."

ಓಣಿಗೆಲ್ಲ ಗೊತ್ತಿದ್ದದ್ದು ಅವರಿಗೂ ಗೊತ್ತಿತ್ತು. ಆದರೂ ನನಗೆ ಸಿಟ್ಟು ನೆತ್ತಿಗೇರಿತು. "ಹದಿನೈದ್ ವರ್ಷ ನಡದದ್ದು ಈಗ್ಯಾಕ ನಡಿಯಂಗಿಲ್ಲ? ಹೊಲಿಯಾಕ ಆಗಂಗಿಲ್ಲಂದ್ರ ವಾಪಸ್ ಕೊಡ್ರಿ!"

"ಬೈರಿ. ಇನ್ನೂ ಕತ್ತರಿ ಹಾಕಿಲ್ಲ" ಎಂದವರೇ ಒಳಗಿದ್ದ ಹೆಂಡತಿಯನ್ನು, ನಮ್ಮೆಲ್ಲರ ಕಾಕುವನ್ನು, ಕರೆದರು. "ಅಕ್ಕೋರ್ನ ಒಳಗ ಕರ್ಕೊ. ಎಡಕ್ಕೊಂದ್ ಅಳತಿ, ಬಲಕ್ಕೊಂದ್ ಅಳತಿ ತಗೋ."

ಪರದೆಯ ಹಿಂದೆ ಕಾಕು ಟೇಪು ಹಿಡಿದು ಅಂಕಿಗಳನ್ನು ಕೂಗಿದಳು, ಕಾಕಾ ಹೊರಗೆ ಬರೆದುಕೊಂಡರು. ಎಡಗಡೆಯ ಅಂಕಿ ಕಿವಿಗೆ ಬಿದ್ದದ್ದೇ ನನಗೆ ಅಳು ಬಂತು. ಆಪರೇಷನ್ ಆದಾಗಲೂ ಹಾಗೆ ಅತ್ತಿರಲಿಲ್ಲ. ಕಾಕು ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತಳು. ಹೊರಗಿನಿಂದ ಕಾಕಾರ ದನಿ ಬಂತು.

"ಅಕ್ಕೋರ, ಬೋರ್ಡ್ ಮ್ಯಾಲೆ ಬರಿಯೂದು ಯಾವ ಕೈಲೆ?"

"ಬಲಗೈಲೆ" ಎಂದೆ ಹೇಗೋ.

"ಹಂಗಾರ ಬಲ ಬಗಲಾಗ ಒಂದೀಟ್ ಸಡ್ಲ ಬಿಡ್ತೇನಿ. ಕೈ ಎತ್ತಿದ್ರ ಜಂಪರ್ ಮ್ಯಾಲೆ ಏಳಬಾರ್ದು."

ನಾನು ಶಾಲೆಗೆ ಹೋಗುತ್ತೇನೋ ಇಲ್ಲವೋ ಎಂದು ಅವರು ಕೇಳಲೇ ಇಲ್ಲ. ಎಡಭಾಗದ ಒಳಗೆ ಹತ್ತಿಯ ಮೆತ್ತೆ ಇಟ್ಟು ಹೊಲಿದಿದ್ದರು. ಸೋಮವಾರ ಅದನ್ನೇ ತೊಟ್ಟು ಹೋಗಿ ಹಲಗೆಯ ತುಂಬ ಬರೆದೆ. ಅರ್ಜಿಯನ್ನು ಹರಿದು ಒಲೆಗೆ ಹಾಕಿದೆ.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಕಾಕು ಅಂಗಡಿಯ ಬಾಗಿಲು ಹಾಕಿ ಮಗಳ ಮನೆಗೆ ಹೋದಳು. ಈ ಸಲ ವಿದ್ಯಾನಗರದ ಬೇರೊಂದು ಅಂಗಡಿಗೆ ಹೋಗಿದ್ದೆ. ಅಲ್ಲಿ ಅಳತೆ ತೆಗೆಯುವವಳು ಇನ್ನೂ ಎಳೆಯ ಹುಡುಗಿ. ಬಲಗಡೆಯಷ್ಟೇ ಅಳೆದು ಬರೆಯತೊಡಗಿದಳು. ಬೆಂಚಿನ ಮೇಲೆ ನಾಲ್ಕು ಜನ ಹೆಂಗಸರು ಕೂತಿದ್ದರು.

"ಎರಡೂ ಕಡಿ ಬ್ಯಾರೆ ಬ್ಯಾರೆ ಅದಾವವ್ವಾ. ಎರಡೂ ಬರ್ಕೊ" ಎಂದೆ.

ಅವಳಿಗೆ ಕೇಳಿಸಲಿಲ್ಲ. ಗಟ್ಟಿಯಾಗಿ ಇನ್ನೊಮ್ಮೆ ಹೇಳಿದೆ.