ಬಿಸಿಯಾಗಲು ಹತ್ತು ನಿಮಿಷ
ಗಿಟಾರ್ ಆಂಪ್ಲಿಫೈಯರ್ ರಿಪೇರಿ ಮಾಡುವ, ಬೀದಿಯವರೆಲ್ಲ ವಾಲ್ವಪ್ಪ ಎಂದೇ ಕರೆಯುವ ಈ ಮನುಷ್ಯನಿಗೆ ಡಿಜಿಟಲ್ ಎಂದರೆ ಮೈಯೆಲ್ಲ ಉರಿ. "ಈ ಡಿಜಿಟಲ್ ಪೆಟ್ಟಿಗೆ ನೂರು ಬಗೆಯ ಆಂಪ್‌ಗಳ ದನಿ ಅಣಕಿಸುತ್ತೆ, ಸರಿ, ಅದರ ಸ್ವಂತ ದನಿ ಎಲ್ಲಿ?" ಎಂದು ಗಿರಾಕಿಗಳ ತಲೆ ತಿನ್ನುತ್ತಾನೆ. ವಾಲ್ವ್ ಎಂಬ ಗಾಜಿನ ಕೊಳವೆಗಳು ಕಾದ ಮೇಲಷ್ಟೇ ನುಡಿಯುವ ತನ್ನ ಹಳೆಯ ಆಂಪ್‌ಗೆ ಮಾತ್ರ ಕೂಸಿಗೆ ಹೊದಿಸುವಂತೆ ಬಟ್ಟೆ ಹೊದಿಸುತ್ತಾನೆ. ಅದರ ಮುಂದೆ ಯಾರಾದರೂ ಸೀನಿದರೂ ಮುಖ ಗಂಟಿಕ್ಕಿಕೊಳ್ಳುತ್ತಾನೆ. ಸಂಜೆ ಆಫೀಸು ಮುಗಿಸಿ ಮಗಳು ಗಿಟಾರ್ ಹೊತ್ತು ಬರುತ್ತಾಳೆ. ಅವಳ ಡಿಜಿಟಲ್ ಪೆಟ್ಟಿಗೆ ಗುಂಡಿ ಒತ್ತಿದೊಡನೆ ನುಡಿಯುತ್ತದೆ. ಇವನದು ಹಾಗಲ್ಲ. "ವಾಲ್ವ್ ಬಿಸಿಯಾಗ್ಲಿ ಮಗಳೇ, ಹತ್ತು ನಿಮಿಷ." ಗಾಜಿನೊಳಗೆ ಕೆಂಡದಂಥ ಬೆಳಕು ಮೆಲ್ಲಗೆ ಮೂಡುವಾಗ ಅವಳು ಸ್ಟೂಲಿನ ಮೇಲೆ ಕೂತು ಕಾಲಾಡಿಸುತ್ತ ದಿನದ ಕಥೆಯೆಲ್ಲ ಹೇಳುತ್ತಾಳೆ, ಇವನು ಮೈಮರೆತು ಕೇಳುತ್ತಾನೆ. ನಿಜಕ್ಕೂ ವಾಲ್ವಿಗೆ ಒಂದೇ ನಿಮಿಷ ಸಾಕು. ಅದು ಮಗಳಿಗೂ ಗೊತ್ತು. ಹತ್ತು ನಿಮಿಷ ದಾಟಿದ ಮೇಲೂ ತಂತಿ ಮೀಟದೆ, ಆ ಬೆಳಕನ್ನೇ ನೋಡುತ್ತ, "ಇನ್ನೂ ಬಿಸಿಯಾಗಿಲ್ಲ ಅನ್ಸುತ್ತೆ ಅಪ್ಪಾ," ಎನ್ನುತ್ತಾಳೆ.